ಭಾಷಾನೀತಿಯಲ್ಲಿ ಪಿಎಚ್.ಡಿ.: ಮೈಸೂರಲ್ಲಿ ನಿಂತು ಯಾವ ಬಾಗಿಲು ತಟ್ಟೋದು?

ಹೋದ ಭಾನುವಾರ ನಮ್ಮಣ್ಣನ ಮಗಳು ಮಂಡ್ಯದಿಂದ ಬೆಳಗಿನ ರೈಲಿಗೇ ಬಂದಳು. ಕೈಯಲ್ಲೊಂದು ಫೈಲು. ಫೈಲಿನೊಳಗೆ ಮೂರು ಯೂನಿವರ್ಸಿಟಿಗಳ ಅರ್ಜಿ. ಕನ್ನಡ ಎಂ.ಎ. ಮುಗಿಸಿದ್ದಾಳೆ. ಎರಡು ವರ್ಷದಿಂದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಾಫಿ ಲೋಟ ಕೆಳಗಿಡುವ ಮುಂಚೆಯೇ ಶುರು ಮಾಡಿದಳು.

"ಚಿಕ್ಕಪ್ಪ, ಭಾಷಾನೀತಿ ಮೇಲೆ ಪಿಎಚ್.ಡಿ. ಮಾಡ್ಬೇಕು. ಯಾವ ಯೂನಿವರ್ಸಿಟಿ ಒಳ್ಳೇದು?"

"ಯೂನಿವರ್ಸಿಟಿ ಆಮೇಲೆ. ಯಾವ ಡಿಪಾರ್ಟ್‌ಮೆಂಟು ಹೇಳು."

"ಭಾಷಾನೀತಿ ಡಿಪಾರ್ಟ್‌ಮೆಂಟು."

ಹಾಗಂತ ಬೋರ್ಡು ಹಾಕಿಕೊಂಡ ಡಿಪಾರ್ಟ್‌ಮೆಂಟನ್ನು ನಾನಂತೂ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕಂಡಿಲ್ಲ. ಈ ವಿಷಯ ಒಂದು ಕಡೆ ಭಾಷಾವಿಜ್ಞಾನದಲ್ಲಿ, ಇನ್ನೊಂದು ಕಡೆ ಶಿಕ್ಷಣದಲ್ಲಿ, ಅಷ್ಟಿಷ್ಟು ರಾಜ್ಯಶಾಸ್ತ್ರ ಮತ್ತು ಕಾನೂನಿನಲ್ಲಿ, ಮಿಕ್ಕಿದ್ದು ಕನ್ನಡ ವಿಭಾಗದಲ್ಲಿ ಹಂಚಿಹೋಗಿದೆ. ಒಂದೇ ವಿಷಯ ಇಟ್ಟುಕೊಂಡು ನಾಲ್ಕು ಬಾಗಿಲಲ್ಲಿ ಹೋದರೆ ನಾಲ್ಕು ಬೇರೆ ಬೇರೆ ಥೀಸಿಸ್ ಆಗಿ ಹೊರಗೆ ಬರುತ್ತೀರಿ. ಮುಂದೆ ಸಿಗುವ ಕೆಲಸವೂ ಬೇರೆ. ಅವಳಿಗೆ ಮಧ್ಯಾಹ್ನದವರೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯ ಏನು ಅಂತ ಎರಡು ಮಾತು. ಯಾವ ಭಾಷೆ ಎಲ್ಲಿ ನಡೀಬೇಕು ಅಂತ ಸರ್ಕಾರವೋ ಶಾಲೆಯೋ ಮನೆಯೋ ಮಾಡುವ ತೀರ್ಮಾನ ಭಾಷಾನೀತಿ. ಅದನ್ನು ಜಾರಿಗೆ ತರಲು ಮಾಡುವ ಕೆಲಸ ಭಾಷಾಯೋಜನೆ. ನಾರ್ವೆಯ ಭಾಷೆಯ ಬಗ್ಗೆ ಬರೆಯುತ್ತಾ ಭಾಷಾವಿಜ್ಞಾನಿ ಐನಾರ್ ಹೌಗೆನ್ 1959ರಲ್ಲಿ ಭಾಷಾಯೋಜನೆ ಅನ್ನುವ ಮಾತನ್ನು ಚಲಾವಣೆಗೆ ತಂದರು. 1969ರಲ್ಲಿ ಹೈಂಜ್ ಕ್ಲಾಸ್ ಅದನ್ನು ಎರಡು ಭಾಗ ಮಾಡಿದರು. ಕಚೇರಿಯಲ್ಲಿ ಕನ್ನಡ ಕಡ್ಡಾಯ ಅನ್ನುವುದು ಭಾಷೆಗೆ ಸ್ಥಾನ ಕೊಡುವ ಕೆಲಸ. 'ಅಫಿಡವಿಟ್'ಗೆ 'ಪ್ರಮಾಣ ಪತ್ರ' ಅಂತ ಪದ ಕಟ್ಟುವುದು ಭಾಷೆಯ ಒಳಗನ್ನು ಕಟ್ಟುವ ಕೆಲಸ. ಭಾಷೆ ಕಲಿಸುವ ಯೋಜನೆ ಅನ್ನುವ ಮೂರನೆಯ ಭಾಗವನ್ನು ರಾಬರ್ಟ್ ಕೂಪರ್ 1989ರಲ್ಲಿ ಸೇರಿಸಿದರು. ಇಂಟರ್‌ವ್ಯೂನಲ್ಲಿ ಇಷ್ಟನ್ನಾದರೂ ಕೇಳುತ್ತಾರೆ.

ಒಂದು ಶಾಲೆ, ನಾಲ್ಕು ಬಾಗಿಲು

ಸುಮ್ನೆ ಸಿದ್ಧಾಂತ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಶಾಲೆ ಇಟ್ಟುಕೊಳ್ಳೋಣ. ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿದರಲ್ಲ, ಅಂಥದ್ದೊಂದು. ಗೇಟಿಗೆ ಬ್ಯಾನರ್ ಕಟ್ಟಿದ್ದಾರೆ: 'ಇಂಗ್ಲಿಷ್ ಮಾಧ್ಯಮ ದಾಖಲಾತಿ ಆರಂಭ'. ಬ್ಯಾನರ್ ಪೂರ್ತಿ ಕನ್ನಡದಲ್ಲೇ ಇದೆ. ಒಳಗೆ ಮೇಡಂ ಲೆಕ್ಕ ಹೇಳಿಕೊಡುತ್ತಿದ್ದಾರೆ. "ಎಯ್ಟ್ ಪ್ಲಸ್ ಫೈವ್ ಎಷ್ಟ್ರಪ್ಪಾ? ಬೆರಳು ಮಡಚಿ. ಎಯ್ಟ್ ಮನಸ್ಸಲ್ಲಿ, ಫೈವ್ ಕೈಯಲ್ಲಿ." ಹುಡುಗನೊಬ್ಬ ಎದ್ದು ನಿಂತ. "ಹದಿಮೂರು ಮಿಸ್." "ಇಂಗ್ಲಿಷಲ್ಲಿ ಹೇಳು." ಹುಡುಗ ಕೂತ.

ಆ ಹುಡುಗ ಯಾಕೆ ಕೂತ? ನಿಮ್ಮ ಪಿಎಚ್.ಡಿ. ಪ್ರಶ್ನೆ ಇದೇ ಅಂತ ಇಟ್ಟುಕೊಳ್ಳಿ.

ಭಾಷಾವಿಜ್ಞಾನದ ಬಾಗಿಲಲ್ಲಿ ಹೋದರೆ ಮೇಡಂ ಮಾತನ್ನು ರೆಕಾರ್ಡ್ ಮಾಡುತ್ತೀರಿ. ಎಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹಾರಿದರು, ಲೆಕ್ಕಕ್ಕೆ ಯಾವುದು, ಬೈಯುವುದಕ್ಕೆ ಯಾವುದು ಅಂತ ಒಂದೊಂದು ಸಾಲನ್ನೂ ಬಿಡಿಸುತ್ತೀರಿ. ನಾನು ಹೋದದ್ದು ಇದೇ ಬಾಗಿಲಲ್ಲಿ. ಒಂದು ಗಂಟೆಯ ಆಡಿಯೊ ಕೇಳಿ ಬರೆದುಕೊಳ್ಳಲು ನನಗೆ ಎರಡು ದಿನ ಹಿಡಿಯುತ್ತಿತ್ತು. ಫ್ಯಾನಿನ ಸದ್ದು, ಮಕ್ಕಳ ಗಲಾಟೆ, ಹೊರಗೆ ಟ್ರ್ಯಾಕ್ಟರು. ಕಿವಿ ಮತ್ತು ತಾಳ್ಮೆ ಎರಡೂ ಇದ್ದರೆ ಮಾತ್ರ ಈ ಕಡೆ ಬನ್ನಿ.

ಈ ಬಾಗಿಲಿಗೆ ಮೈಸೂರಿನಷ್ಟು ಒಳ್ಳೆ ಊರು ದಕ್ಷಿಣದಲ್ಲಿ ಕಡಿಮೆ. ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯೊಳಗೇ ಇದೆ. ಹುಣಸೂರು ರಸ್ತೆಗೆ ಬಂದರೆ ಭಾರತೀಯ ಭಾಷಾ ಸಂಸ್ಥಾನ. ಹೈಂಜ್ ಕ್ಲಾಸ್ ಅಲ್ಲಿ ಎರಡು ಭಾಗ ಮಾಡಿದ ವರ್ಷವೇ, 1969ರ ಜುಲೈ 17ರಂದು, ಇದು ಇಲ್ಲಿ ಶುರುವಾಯಿತು. ಮೊದಲ ನಿರ್ದೇಶಕರು ಡಿ.ಪಿ. ಪಟ್ಟನಾಯಕ್. ಬಹುಭಾಷೆ ಅನ್ನುವುದು ರೋಗ ಅಲ್ಲ, ನಮ್ಮ ದೇಶದ ಸಹಜ ಸ್ಥಿತಿ ಅಂತ ಜೀವನವಿಡೀ ವಾದಿಸಿದವರು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ, ರಾಷ್ಟ್ರೀಯ ಅನುವಾದ ಮಿಷನ್, ಭಾರತೀಯ ಭಾಷೆಗಳ ದತ್ತಾಂಶ ಸಂಗ್ರಹ, ಎಲ್ಲ ಅಲ್ಲಿಂದಲೇ ನಡೆದಿವೆ. ಭಾಷಾಯೋಜನೆ ಓದುವವರಿಗೆ ಭಾಷಾಯೋಜನೆ ಮಾಡುವ ಕಚೇರಿಯೇ ಪಕ್ಕದಲ್ಲಿ ಸಿಕ್ಕ ಹಾಗೆ. ಒಂದು ಮಾತ್ರ ತಿಳಿದಿರಲಿ. ಸಂಸ್ಥಾನ ತಾನೇ ಪದವಿ ಕೊಡುವ ವಿಶ್ವವಿದ್ಯಾಲಯ ಅಲ್ಲ. ಅಲ್ಲಿ ಕೂತು ಕೆಲಸ ಮಾಡಿದರೂ ನೋಂದಣಿ, ಫೀಸು, ವೈವಾ ಎಲ್ಲ ಒಂದು ವಿಶ್ವವಿದ್ಯಾಲಯದ ಹೆಸರಿನಲ್ಲೇ ಆಗಬೇಕು.

ಶಿಕ್ಷಣದ ಬಾಗಿಲಲ್ಲಿ ಹೋದರೆ ಅದೇ ಹುಡುಗನಿಗೆ ಲೆಕ್ಕ ಬಂತಾ, ಬರಲಿಲ್ವಾ ಅನ್ನುವುದು ಮುಖ್ಯ. ಮೇಡಂಗೆ ಏನು ತರಬೇತಿ ಕೊಟ್ಟರು, ಕನ್ನಡ ಸೆಕ್ಷನ್ನಿನ ಮಕ್ಕಳು ಹೇಗಿದ್ದಾರೆ, ಎರಡೂ ಭಾಷೆ ಇರುವ ಪಠ್ಯಪುಸ್ತಕವನ್ನು ತರಗತಿಯಲ್ಲಿ ನಿಜವಾಗಿ ಹೇಗೆ ಬಳಸುತ್ತಾರೆ ಅಂತ ನೋಡುತ್ತೀರಿ. ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ, ಆದರೆ 'ಸಾಧ್ಯವಾದ ಕಡೆ' ಅಂತಲೂ ಸೇರಿಸುತ್ತದೆ. ಆ ಎರಡು ಪದದ ಮೇಲೆ ಹತ್ತು ಥೀಸಿಸ್ ಬರೆಯಬಹುದು. ಮೈಸೂರಿನಲ್ಲಿ ಇದಕ್ಕೆ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ ಇದೆ, ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಆ ಸಂಸ್ಥೆ 1963ರದ್ದು. ಆವರಣದಲ್ಲೇ ಪ್ರಾಯೋಗಿಕ ಶಾಲೆ ಇರುವುದರಿಂದ ತರಗತಿಯಲ್ಲಿ ಕೂತು ನೋಡುವ ಅಭ್ಯಾಸ ತಾನಾಗಿ ಬರುತ್ತದೆ. ಆದರೆ ಇಲ್ಲಿ ಒಂದು ಚಿಲಕ ಇದೆ. ಸಾಮಾನ್ಯವಾಗಿ ಎಂ.ಎಡ್. ಅಥವಾ ಶಿಕ್ಷಣದಲ್ಲಿ ಎಂ.ಎ. ಕೇಳುತ್ತಾರೆ. ಕನ್ನಡ ಎಂ.ಎ. ಜೊತೆ ಬಿ.ಎಡ್. ಇದ್ದರೆ ಸಾಲದು. ನಮ್ಮ ಹುಡುಗಿಗೆ ಈ ಬಾಗಿಲು ಅಲ್ಲಿಗೇ ಮುಚ್ಚಿತು.

ರಾಜ್ಯಶಾಸ್ತ್ರ ಅಥವಾ ಕಾನೂನಿನ ಬಾಗಿಲಲ್ಲಿ ಆ ಹುಡುಗ ಕಾಣುವುದೇ ಇಲ್ಲ. ಗೇಟಿನ ಬ್ಯಾನರ್ ಕಾಣುತ್ತದೆ. ಅದನ್ನು ಕಟ್ಟಿಸಿದ್ದು ಯಾವ ಆದೇಶ, ಆ ಆದೇಶದ ಹಿಂದೆ ಏನೇನು ನಡೆಯಿತು ಅಂತ ಹುಡುಕುತ್ತೀರಿ. ಕತೆ ಮಾತ್ರ ರೋಚಕ. ಶಾಲೆಯಲ್ಲಿ ಕನ್ನಡದ ಸ್ಥಾನ ಏನಿರಬೇಕು ಅಂತ ವರದಿ ಕೊಟ್ಟ ಗೋಕಾಕ್ ಸಮಿತಿ, ಅದರ ಬೆನ್ನಿಗೆ 1982ರ ಚಳವಳಿ. 1994ರ ಏಪ್ರಿಲ್ 29ರ ಸರ್ಕಾರಿ ಆದೇಶ: ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟು, ಆಮೇಲೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ. ಮಾಧ್ಯಮವನ್ನು ಸರ್ಕಾರ ಹೇರುವ ಹಾಗಿಲ್ಲ ಅಂತ ತೀರ್ಪಾಯಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನ ಮಾಡುವವರು ತಂದೆತಾಯಿ ಅಥವಾ ಪೋಷಕರು. ಅಂದರೆ ಮಂಡ್ಯದ ಮನೆಯಲ್ಲಿ ಮುದ್ದೆ ಉಣ್ಣುತ್ತಾ ಕನ್ನಡದಲ್ಲೇ ಜಗಳ ಆಡುವ ಮಗುವಿನ ಮಾತೃಭಾಷೆ ಏನು ಅನ್ನುವುದು ಈಗ ಭಾಷಾವಿಜ್ಞಾನದ ಪ್ರಶ್ನೆ ಅಲ್ಲ, ಕಾನೂನಿನ ಪ್ರಶ್ನೆ. ಇಂಥ ಜಾಗದಲ್ಲಿ ನಿಮಗೆ ಕುತೂಹಲ ಕುದಿಯುವುದಾದರೆ ಇದೇ ನಿಮ್ಮ ಬಾಗಿಲು. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಅನ್ನುವ 2024ರ ತಿದ್ದುಪಡಿಯೂ ಇಲ್ಲೇ ಬರುತ್ತದೆ. ಕಾನೂನು ಪದವಿ ಇದ್ದವರು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನೂ ನೋಡಬಹುದು.

ಇನ್ನು ಕನ್ನಡ ವಿಭಾಗ. ಇದನ್ನು ಕೆಲವರು ಕೀಳಾಗಿ ನೋಡುತ್ತಾರೆ, ಅಲ್ಲೇನಿದ್ರೂ ಹಳಗನ್ನಡ, ವಚನ, ಕಾದಂಬರಿ ಅಂತ. ನಾನು ಒಪ್ಪುವುದಿಲ್ಲ. ಕುವೆಂಪು 1956ರಿಂದ 60ರವರೆಗೆ ಇಲ್ಲಿ ಕುಲಪತಿಯಾಗಿದ್ದಾಗ ಕಾಲೇಜು ಮಟ್ಟದಲ್ಲಿ ಕನ್ನಡ ಮಾಧ್ಯಮ ತರಲು ಪಟ್ಟ ಪಾಡು ಭಾಷಾಯೋಜನೆ ಅಲ್ಲದೆ ಇನ್ನೇನು? 1946ರಲ್ಲಿ ವಿಶ್ವವಿದ್ಯಾಲಯ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು, ಹಳ್ಳಿಹಳ್ಳಿಗೆ ಹೋಗಿ ಮೇಷ್ಟ್ರುಗಳು ಮಾಡಿದ ಪ್ರಚಾರೋಪನ್ಯಾಸ, 1963ರ ರಾಜಭಾಷಾ ಕಾಯ್ದೆಯ ನಂತರ ತಾಲ್ಲೂಕು ಕಚೇರಿಯ ಟಿಪ್ಪಣಿಯಲ್ಲಿ ಬೆಳೆದ ಆಡಳಿತ ಕನ್ನಡ. ಇದನ್ನೆಲ್ಲ ಓದಲು ಹಳೆ ಕನ್ನಡ ಕಡತ ಓದುವ ಕಣ್ಣು ಬೇಕು. ಅದು ಕನ್ನಡದವರಿಗೇ ಜಾಸ್ತಿ ಇರುತ್ತದೆ. ಥೀಸಿಸ್ ಕನ್ನಡದಲ್ಲೇ ಬರೆಯಬಹುದು. ಊರು ಬಿಡುವ ಮನಸ್ಸಿದ್ದರೆ 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪೂರ್ತಿ ಸಂಶೋಧನೆಗೇ ಅಂತ ಕಟ್ಟಿದ್ದು. ತೊಂದರೆ ಇರುವುದು ಬೇರೆ ಕಡೆ. ಸಮೀಕ್ಷೆ ಹೇಗೆ ಮಾಡುವುದು, ಸಂದರ್ಶನ ಹೇಗೆ ಬಿಡಿಸುವುದು ಅನ್ನುವುದನ್ನು ನೀವೇ ಹೊರಗೆ ಹೋಗಿ ಕಲಿಯಬೇಕಾಗುತ್ತದೆ.

ವಾಕ್ ಶ್ರವಣ ಸಂಸ್ಥೆಯ ಬಗ್ಗೆಯೂ ಕೇಳುತ್ತಾರೆ. ಎರಡು ಭಾಷೆಯ ಮಕ್ಕಳ ಮಾತಿನ ತೊಂದರೆ ನಿಮ್ಮ ವಿಷಯವಾದರೆ ಸರಿ. ಭಾಷಾನೀತಿಗೆ ಅದಲ್ಲ.

ಬಾಗಿಲಿಗಿಂತ ಕೆಲಸ ಮುಖ್ಯ ಅನ್ನುವವರಿಗೆ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕನ್ನಡ ಅಧ್ಯಾಪಕರ ಹುದ್ದೆ ಎಲ್ಲ ಕಡೆ ಇರುತ್ತದೆ. ಭಾಷಾವಿಜ್ಞಾನದ ಹುದ್ದೆ ಇಲ್ಲ ಅನ್ನುವಷ್ಟು ಕಡಿಮೆ. ಅಧ್ಯಾಪಕರ ನೇಮಕಾತಿಯಲ್ಲಿ ಮೊದಲು ನೋಡುವುದು ನಿಮ್ಮ ಎಂ.ಎ. ಯಾವುದರಲ್ಲಿ ಅಂತ. ಪಿಎಚ್.ಡಿ. ಆಮೇಲೆ. ಕನ್ನಡ ಎಂ.ಎ. ಮಾಡಿ, ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದು, ಎರಡೂ ಕಡೆಯವರು 'ನೀವು ನಮ್ಮವರಲ್ಲ' ಅಂದದ್ದನ್ನು ಕಂಡಿದ್ದೇನೆ. ಭಾಷಾ ತಂತ್ರಜ್ಞಾನ, ಪಠ್ಯಪುಸ್ತಕ, ಅನುವಾದ, ಶಿಕ್ಷಣದ ಸ್ವಯಂಸೇವಾ ಸಂಸ್ಥೆಗಳು, ಈ ಕಡೆ ಹೋಗುವವರಿಗೆ ಮಾತ್ರ ಭಾಷಾವಿಜ್ಞಾನ ಹೆಚ್ಚು ಬಲ ಕೊಡುತ್ತದೆ.

ದುಡ್ಡು, ವರ್ಷ, ರಜೆ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್, 2024ರ ಜೂನ್‌ನಿಂದ ಮೂರು ಕೆಲಸ ಮಾಡುತ್ತಿದೆ. ಅಂಕದಲ್ಲಿ ಮೇಲಿನವರಿಗೆ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್), ಅವರ ಕೆಳಗಿನವರಿಗೆ ಅಧ್ಯಾಪಕರ ಅರ್ಹತೆ ಜೊತೆ ಪಿಎಚ್.ಡಿ. ಪ್ರವೇಶ, ಅದರ ಕೆಳಗೆ ಬರೀ ಪಿಎಚ್.ಡಿ. ಪ್ರವೇಶ. ಎರಡನೇ ಮೂರನೇ ಗುಂಪಿನವರಿಗೆ ನೆಟ್ ಅಂಕಕ್ಕೆ ಶೇಕಡಾ 70, ಇಂಟರ್‌ವ್ಯೂಗೆ 30. ಅಂಕ ಒಂದೇ ವರ್ಷ ನಡೆಯುತ್ತದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೆ ಅಧ್ಯಾಪಕರ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ನೆಟ್, ಕೆ-ಸೆಟ್ ಎರಡನ್ನೂ ಒಂದೇ ಅಂದುಕೊಂಡವರು ಬಹಳ ಜನ.

ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಇದು 2023ರ ಜನವರಿಯಿಂದ ಬಂದ ದರ. ಮೇಲೆ ಮನೆ ಬಾಡಿಗೆ ಭತ್ಯೆ. ಮೈಸೂರಿನಲ್ಲಿ ಈ ದುಡ್ಡಿಗೆ ಆರಾಮಾಗಿ ಬದುಕಬಹುದು, ದೆಹಲಿಯಲ್ಲಿ ಹಾಸ್ಟೆಲ್ ಸಿಗದಿದ್ದರೆ ಕಷ್ಟ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಮೀಸಲು ವರ್ಗದವರಿಗೆ ಐದು ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ಇಲ್ಲದೆ, ಬೇರೆ ಫೆಲೋಶಿಪ್ಪೂ ಇಲ್ಲದೆ, ಪೂರ್ಣಾವಧಿ ಪಿಎಚ್.ಡಿ.ಗೆ ಸೇರಬೇಡಿ ಅಂತಲೇ ನನ್ನ ಅಭಿಪ್ರಾಯ. ಮೂರನೇ ವರ್ಷಕ್ಕೆ ಮನೆಯವರ ಮುಖ ನೋಡಲಾಗುವುದಿಲ್ಲ.

ಅದಕ್ಕಿಂತ ಅರೆಕಾಲಿಕ ವಾಸಿ. ಯುಜಿಸಿಯ 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಇದೆ. ಕೆಲಸ ಮಾಡುವ ಕಡೆಯಿಂದ ಎನ್‌ಒಸಿ (ಅಡ್ಡಿ ಇಲ್ಲ ಅನ್ನುವ ಪತ್ರ) ತರಬೇಕು. ಕೋರ್ಸ್ ವರ್ಕ್ ಮಾತ್ರ ಯಾರಿಗೂ ತಪ್ಪದು. ಶಾಲಾ ಶಿಕ್ಷಕರಿಗೆ ಇದು ಹೇಳಿ ಮಾಡಿಸಿದ್ದು, ಯಾಕೆಂದರೆ ಫೀಲ್ಡ್‌ವರ್ಕು ಅವರ ಕಣ್ಣೆದುರೇ ದಿನಾ ನಡೆಯುತ್ತಿರುತ್ತದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗುತ್ತದೆ. ಹೆರಿಗೆ ಮತ್ತು ಮಕ್ಕಳ ಪಾಲನೆಗೆ 240 ದಿನದವರೆಗೆ ರಜೆ.

ಹೊರಗೆ ಹೋಗಬೇಕಾ?

ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನಕ್ಕೇ ಒಂದು ಕೇಂದ್ರ ಇದೆ. ಅದೇ ಊರಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ದೆಹಲಿಯಲ್ಲಿ ಜೆಎನ್‌ಯು. ಬೇರೆ ಬೇರೆ ರಾಜ್ಯದವರ ಜೊತೆ ಕೂತು ಓದುವಾಗ ನಮ್ಮ ಕನ್ನಡದ ಸಮಸ್ಯೆ ಒಡಿಯಾದವರಿಗೂ ಇದೆ, ಮಣಿಪುರದವರಿಗೆ ಇನ್ನೂ ಜಾಸ್ತಿ ಇದೆ ಅನ್ನುವುದು ಗೊತ್ತಾಗುತ್ತದೆ. ಈ ಲಾಭ ಸಣ್ಣದಲ್ಲ.

ವಿದೇಶದಲ್ಲಿ ಈ ವಿಷಯಕ್ಕೆ ದೊಡ್ಡ ಹೆಸರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ್ದು. ಅಮೆರಿಕದಲ್ಲಿ ಐದು ವರ್ಷ ಹಿಡಿಯುತ್ತದೆ. ಒಳ್ಳೆ ಕಡೆ ಸೀಟು ಸಿಕ್ಕರೆ ಫೀಸು ಮನ್ನಾ, ಖರ್ಚಿಗೂ ಕೊಡುತ್ತಾರೆ. ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷ, ಆದರೆ ದುಡ್ಡಿನ ದಾರಿ ನೀವೇ ಹುಡುಕಬೇಕು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ಇದೆಯಲ್ಲ ಅಂತ ಒಬ್ಬ ಹುಡುಗ ಕೇಳಿದ. ಅರ್ಜಿ ಹಾಕುವ ಮುಂಚೆ ನಿಯಮ ಓದಪ್ಪ ಅಂದೆ. ಭಾರತದ ಸಂಸ್ಕೃತಿ, ಇತಿಹಾಸ, ಭಾರತದ ಸಮಾಜ ಅಧ್ಯಯನದ ವಿಷಯಗಳಿಗೆ ಈ ವೇತನ ಇಲ್ಲ ಅಂತ 2022ರಲ್ಲಿ ಸೇರಿಸಿದರು. ಮಂಡ್ಯದ ಶಾಲೆಯ ಭಾಷೆ ಅಂತ ಬರೆದರೆ ಅಲ್ಲೇ ತಡೆ ಬೀಳಬಹುದು.

ಮಧ್ಯದ ದಾರಿಯೊಂದಿದೆ. ಇಲ್ಲೇ ನೋಂದಣಿ ಮಾಡಿಸಿಕೊಂಡು, ಮಧ್ಯೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್‌ಗೆ ಹಾಕಿ, ಕೆಲವು ತಿಂಗಳು ಅಮೆರಿಕದಲ್ಲಿ ಕೂತು ಬರುವುದು. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಯಾಕೆಂದರೆ ಈ ವಿಷಯದ ಫೀಲ್ಡು ಇರುವುದು ಇಲ್ಲಿ. ಮೈಸೂರಿನಿಂದ ಎರಡು ಗಂಟೆ ಬಸ್ಸಿನಲ್ಲಿ ಹೋದರೆ ಬೈಲಕುಪ್ಪೆ. ಅರವತ್ತು ವರ್ಷಕ್ಕೂ ಹಿಂದೆ ಬಂದು ನೆಲೆಸಿದ ಟಿಬೆಟಿನವರು ತಮ್ಮ ಭಾಷೆಯನ್ನು ಶಾಲೆಯಲ್ಲಿ ಹೇಗೆ ಉಳಿಸಿಕೊಂಡರು ಅಂತ ನೋಡಬಹುದು. ಇನ್ನೊಂದು ಬಸ್ಸು ಹಿಡಿದರೆ ಎಚ್.ಡಿ. ಕೋಟೆ. ಅಲ್ಲಿ ಜೇನುಕುರುಬರ ಹಾಡಿಯ ಮಕ್ಕಳು ಶಾಲೆಗೆ ಬಂದ ಮೊದಲ ದಿನ ಕೇಳುವ ಕನ್ನಡ ಅವರ ಮನೆಮಾತಲ್ಲ. 'ಮಾತೃಭಾಷಾ ಮಾಧ್ಯಮ' ಅಂತ ನಾವು ಹೋರಾಡುವಾಗ ಆ ಮಕ್ಕಳ ಮಾತೃಭಾಷೆ ಯಾರ ಲೆಕ್ಕದಲ್ಲೂ ಇಲ್ಲ. ನನಗೆ ಇನ್ನೊಂದು ಪಿಎಚ್.ಡಿ. ಮಾಡುವ ವಯಸ್ಸಿದ್ದರೆ ಇದನ್ನೇ ಮಾಡುತ್ತಿದ್ದೆ.

ಕೊನೆಗೆ ಗೈಡು

ಎರಡು ಕಡೆಯೂ ಸಮ ತೂಗಿದರೆ ಗೈಡ್ ನೋಡಿ ತೀರ್ಮಾನ ಮಾಡಿ. ಪ್ರೊಫೆಸರ್ ಎಂಟು ಜನರನ್ನು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರನ್ನು ಇಟ್ಟುಕೊಳ್ಳಬಹುದು. ದೊಡ್ಡ ಹೆಸರಿನವರ ಹತ್ತಿರ ಜಾಗ ಇದೆಯಾ ಅಂತ ಮೊದಲೇ ಕೇಳಿ. ಅವರ ಹಳೆ ವಿದ್ಯಾರ್ಥಿಯೊಬ್ಬರನ್ನು ಹುಡುಕಿ ಕಾಫಿಗೆ ಕರೆಯಿರಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ ಅಂತ ಅವರನ್ನೇ ಕೇಳಿ. ಬೇರೆಲ್ಲ ಪ್ರಶ್ನೆಗಿಂತ ಇದೇ ಹೆಚ್ಚು ಹೇಳುತ್ತದೆ.

ನನ್ನ ಕತೆ ಕೇಳಿ. ನನ್ನ ಗೈಡ್ ನಾಲ್ಕನೇ ವರ್ಷ ನಿವೃತ್ತರಾದರು. ಬಂದ ಹೊಸಬರಿಗೆ ನನ್ನ ವಿಧಾನವೇ ಹಿಡಿಸಲಿಲ್ಲ. ಬರೆದಿದ್ದ ಎರಡು ಅಧ್ಯಾಯ ಪಕ್ಕಕ್ಕಿಟ್ಟು ಹೊಸದಾಗಿ ಸಮೀಕ್ಷೆ ಮಾಡಿಸಿದರು. ಒಂದೂವರೆ ವರ್ಷ ಹೋಯಿತು. ಯಾವ ಯೂನಿವರ್ಸಿಟಿ ಅಂತ ಕೇಳಬೇಡಿ. ಈಗ ನಿಯಮ ಸ್ವಲ್ಪ ಬಿಗಿಯಾಗಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಆದರೆ ಪಿಎಚ್.ಡಿ. ಮೂರೇ ವರ್ಷಕ್ಕೆ ಮುಗಿಯುವುದು ಎಷ್ಟು ಜನಕ್ಕೆ?

ಅವಳಿಗೆ ನಾನು ಹೇಳಿದ್ದು ಇಷ್ಟು. ಕನ್ನಡ ಬಾಗಿಲಲ್ಲೇ ಹೋಗು. ಎಂ.ಎ. ಕನ್ನಡ, ನೆಟ್ ಕನ್ನಡ, ಪಿಎಚ್.ಡಿ. ಕನ್ನಡ, ಎಲ್ಲ ಒಂದೇ ಸಾಲಿನಲ್ಲಿರಲಿ. ಇನ್ನೊಂದು ಸಲ ಜೆಆರ್‌ಎಫ್‌ಗೆ ಗಟ್ಟಿಯಾಗಿ ಕೂತು ಓದು. ಬೇರೆ ವಿಭಾಗದವರನ್ನು ಸಹ-ಮಾರ್ಗದರ್ಶಕರಾಗಿ ತೆಗೆದುಕೊಳ್ಳಲು ಅವಕಾಶ ಇದೆ. ಶಿಕ್ಷಣ ಅಥವಾ ಭಾಷಾವಿಜ್ಞಾನದವರೊಬ್ಬರನ್ನು ಒಪ್ಪಿಸು. ತರಗತಿಯಲ್ಲಿ ಕೂತು ನೋಡುವುದನ್ನು ಅವರು ಕಲಿಸುತ್ತಾರೆ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಆಮೇಲೆ, ಮೊದಲು ಆ ಎಯ್ಟ್ ಪ್ಲಸ್ ಫೈವ್ ಹುಡುಗನ ಬಗ್ಗೆ ಒಂದು ಪುಟ ಬರಿ. ಅದನ್ನು ಹಿಡಿದುಕೊಂಡು ಗೈಡ್ ಹತ್ತಿರ ಹೋಗು.

ಕನ್ನಡ ವಿಭಾಗದಲ್ಲಿ ಯಾರಿದ್ದಾರೆ ಅಂತ ಕೇಳಿದಳು. ಭಾಷಾನೀತಿಯಲ್ಲಿ ಆಸಕ್ತಿ ಇರುವ ಇಬ್ಬರು ಮೇಷ್ಟ್ರ ಹೆಸರು ಹೇಳಿದೆ. ಬರೆದುಕೊಂಡಳು. ಮೂರು ಅರ್ಜಿಗಳಲ್ಲಿ ಎರಡನ್ನು ಮಡಚಿ ಬ್ಯಾಗಿನ ತಳಕ್ಕೆ ಹಾಕಿದಳು. ಬಾಗಿಲವರೆಗೆ ಹೋದವಳು ಚಪ್ಪಲಿ ಮೆಟ್ಟುತ್ತಾ ತಿರುಗಿದಳು.

"ಚಿಕ್ಕಪ್ಪ, ಅವರಿಬ್ಬರಲ್ಲಿ ಲೇಟಾಗಿ ರಿಟೈರ್ ಆಗೋರು ಯಾರು?"